ನಮ್ಮ ಬೀದಿಯಲ್ಲಿ ಟೂರಿಸ್ಟ್ ಬಸ್ ನಿಲ್ಲಿಸುತ್ತಾರೆ, ತಡೆಯೋಕೆ ಕಾನೂನು ಇದೆಯಾ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ಬಡಾವಣೆಯೊಂದರಲ್ಲಿ ಮನೆ, ಮುಂದೆ 30 ಅಡಿ ರಸ್ತೆ, ಪಕ್ಕದ ಕ್ರಾಸ್‌ನವರೊಬ್ಬರು ದಿನಾ ರಾತ್ರಿ ಅಲ್ಲಿ ಟೂರಿಸ್ಟ್ ಬಸ್ ತಂದು ನಿಲ್ಲಿಸುತ್ತಾರೆ. ಜನ ವಾಸ ಮಾಡುವ ಬೀದಿಯಲ್ಲಿ ದೊಡ್ಡ ಗಾಡಿ ನಿಲ್ಲಿಸಬಾರದು ಅಂತ ಕಾನೂನು ಇದೆಯಾ? ಇದೇ ತಲೆನೋವು ನಮಗೆ ಎರಡು ವರ್ಷ ಇತ್ತು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಬೇಜಾರಿನ ವಿಷಯ. ಮನೆಗಳಿರುವ ಬೀದಿಯಲ್ಲಿ ಬಸ್ಸು, ಲಾರಿ ನಿಲ್ಲಿಸಲೇಬಾರದು ಅಂತ ನೇರವಾಗಿ ಹೇಳುವ ಕಲಂ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲ. ಯಾವ ರಸ್ತೆಗೆ ಯಾವ ತರಹದ ಗಾಡಿ ಬರಬಾರದು ಅಂತ ಸರ್ಕಾರ 115ನೇ ಕಲಂ ಪ್ರಕಾರ ಆದೇಶ ಹೊರಡಿಸಬಹುದು. ಎಲ್ಲಿ ನಿಲ್ಲಿಸಬಹುದು ಅನ್ನೋದನ್ನ 117ನೇ ಕಲಂ ಪ್ರಕಾರ ಗೊತ್ತು ಮಾಡಬಹುದು. ನಗರದಲ್ಲಿ ಹಗಲು ಇಂತಿಷ್ಟು ಹೊತ್ತು ಭಾರಿ ವಾಹನ ಓಡಾಡಬಾರದು ಅಂತ ಇದೆಯಲ್ಲ, ಅದು ಓಡಾಟದ ಮಾತು. ರಾತ್ರಿ ಸುಮ್ನೆ ನಿಂತಿರುವ ಬಸ್ಸಿಗೆ ಅದನ್ನು ಹಿಡಿದುಕೊಂಡು ಹೋದರೆ ಕೆಲಸ ಆಗೋಲ್ಲ.

ನಾನು ಮಾಡಿದ ತಪ್ಪೂ ಇದೇ. ಮೊದಲ ಸಲ ಟ್ರಾಫಿಕ್ ಠಾಣೆಗೆ ಹೋಗಿ, "ರೆಸಿಡೆನ್ಷಿಯಲ್ ಏರಿಯಾ ಸಾರ್, ಬಸ್ ನಿಲ್ಲಿಸಿದ್ದಾರೆ" ಅಂದೆ. ಅಲ್ಲಿದ್ದವರು ತಲೆ ಎತ್ತದೆ, "ನೋ ಪಾರ್ಕಿಂಗ್ ಬೋರ್ಡ್ ಇದೆಯಾ?" ಅಂದರು. ಇಲ್ಲ ಅಂದೆ. ಅಲ್ಲಿಗೆ ಮುಗಿಯಿತು.

ಕಾನೂನು ಹಿಡಿಯುವುದು ಗಾಡಿ ಎಲ್ಲಿ, ಹೇಗೆ ನಿಂತಿದೆ ಅನ್ನುವುದನ್ನು. 2017ರ ಚಾಲನಾ ನಿಯಮಗಳ ಪ್ರಕಾರ ಫುಟ್‌ಪಾತ್ ಮೇಲೆ, ತಿರುವಿನ ಹತ್ತಿರ, ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ನಿಲ್ಲಿಸುವ ಹಾಗಿಲ್ಲ. ಬೋರ್ಡ್ ಇರಲಿ ಬಿಡಲಿ, ಇದು ತಪ್ಪೇ. ಬೇರೆಯವರಿಗೆ ಅಪಾಯ ಅಥವಾ ಅಡಚಣೆ ಆಗುವಂತೆ ಬಿಟ್ಟು ಹೋದರೆ ಕಾಯ್ದೆಯ 122ನೇ ಕಲಂ ಇದೆ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು 127ನೇ ಕಲಂ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನೋಡಿಕೊಳ್ಳುವವರಿಲ್ಲದೆ ಬಿಟ್ಟ ಗಾಡಿಯನ್ನು ಎತ್ತಿಸುವ, ಇಲ್ಲವೇ ಚಕ್ರಕ್ಕೆ ಲಾಕ್ ಹಾಕಿಸುವ ಅಧಿಕಾರ ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಇದೆ. ಖರ್ಚು ಮಾಲೀಕರದ್ದು. ಶನಿವಾರ ನಿಂತು ಸೋಮವಾರ ಹೊರಡುವ ಬಸ್ಸು ಇದಕ್ಕೆ ಸರಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ.

ಒಂದು ಕೆಲಸ ಮಾಡಿ, ಟೇಪ್ ತಗೊಳ್ಳಿ. ತಮಾಷೆ ಅಲ್ಲ. ನಮ್ಮದು 30×40 ಸೈಟು, ರಸ್ತೆ ಕಡೆಗೆ 30 ಅಡಿ. ದೊಡ್ಡ ಬಸ್ಸು ಹತ್ತಿರ ಹತ್ತಿರ 12 ಮೀಟರ್, ಅಂದರೆ 39 ಅಡಿ ಮೇಲೆ. ಅದು ನಮ್ಮ ಮನೆ ಮುಂದೆ ಎಷ್ಟೇ ಒಪ್ಪವಾಗಿ ನಿಂತರೂ ಯಾರದ್ದಾದರೂ ಗೇಟಿಗೆ 9 ಅಡಿ ನುಗ್ಗಲೇಬೇಕು, ಅಲ್ವಾ? ಇನ್ನು ಅಗಲ. 30 ಅಡಿ ರಸ್ತೆ ಅಂತ ಹೆಸರು, ಚರಂಡಿ ಬಿಟ್ಟು ನಮ್ಮಲ್ಲಿ ಟಾರು ಇರುವುದು 20 ಅಡಿ. ಬಸ್ಸಿಗೆ ಎಂಟೂವರೆ, ಎದುರಿಗೆ ನಿಂತ ಕಾರಿಗೆ ಆರು. ಉಳಿದ ಐದೂವರೆ ಅಡಿಯಲ್ಲಿ ಆಟೋ ಕನ್ನಡಿ ಮಡಚಿಕೊಂಡು ನುಸುಳುತ್ತದೆ. ಆಂಬುಲೆನ್ಸ್ ನುಸುಳೋಲ್ಲ. ಕಸದ ಆಟೋದವನು ಆ ಸರ್ಕಸ್ಸಿಗೂ ಕೈ ಹಾಕದೆ ಮೂಲೆಯಲ್ಲೇ ನಿಂತು ಹಾಡು ಹಾಕುತ್ತಿದ್ದ. ನಮ್ಮ ಬೀದಿ ಹೆಂಗಸರೆಲ್ಲ ನೈಟಿ ಮೇಲೆ ವೇಲ್ ಹಾಕಿಕೊಂಡು ಎರಡೆರಡು ಬಕೆಟ್ ಹಿಡಿದು ಓಡುತ್ತಿದ್ದರು.

ಎರಡನೇ ಸಲ ಈ ಅಳತೆ ಬರೆದುಕೊಂಡು ಹೋದೆ. ಗೇಟು, ಬಸ್ಸು, ನಂಬರ್ ಪ್ಲೇಟು ಮೂರೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆದಿದ್ದೆ. ಒಂದು ರಾತ್ರಿ 9ಕ್ಕೆ, ಇನ್ನೊಂದು ಮರುದಿನ ಬೆಳಿಗ್ಗೆ 8ಕ್ಕೆ. ಬೀದಿಯ ಹನ್ನೊಂದು ಮನೆಯವರ ಸಹಿ ಇತ್ತು. ಆವತ್ತು ಸಂಜೆಯೇ ಬಂದು ಕೇಸ್ ಹಾಕಿದರು. ದಂಡ ನೋಡಿ ಹಿಗ್ಗಬೇಡಿ. ಕಾಯ್ದೆಯ 177ನೇ ಕಲಂನಲ್ಲಿ ಮೊದಲ ತಪ್ಪಿಗೆ ಇರುವುದು 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1500ವರೆಗೆ. ಬಸ್ ಓಡಿಸುವವರಿಗೆ ಅದೇನು ಲೆಕ್ಕ? ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 285ರಲ್ಲಿ 5000ವರೆಗೆ ಇದೆ, ಆದರೆ ನಮ್ಮ ವಿಷಯ ಅಲ್ಲಿವರೆಗೆ ಹೋಗಲಿಲ್ಲ. ಆಂಬುಲೆನ್ಸೋ ಬೆಂಕಿಯೋ, ದಾರಿ ಕಟ್ಟಿ ತುರ್ತು ಆದರೆ ಮಾತ್ರ ಯೋಚನೆ ಮಾಡದೆ 112ಕ್ಕೆ ಫೋನ್ ಮಾಡಿ.

ನೀವು ಮಾಡಬಾರದ್ದೂ ಒಂದಿದೆ. ಹೂಕುಂಡ, ಕಲ್ಲು, ಹಳೇ ಟೈರು ಇಟ್ಟು ಜಾಗ ಹಿಡಿಯಬೇಡಿ. ಪೇಂಟರ್ ಹತ್ತಿರ ನೀವೇ ಬರೆಸಿದ ನೋ ಪಾರ್ಕಿಂಗ್ ಬೋರ್ಡಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಮನೆ ಮುಂದಿನ ರಸ್ತೆ ನಿಮ್ಮದೂ ಅಲ್ಲ. ಅಧಿಕೃತ ಬೋರ್ಡ್ ಬೇಕಿದ್ದರೆ ಟ್ರಾಫಿಕ್ ಪೊಲೀಸರಿಗೆ ಮತ್ತು ನಿಮ್ಮ ನಗರ ಪಾಲಿಕೆಗೆ ಅರ್ಜಿ ಕೊಡಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಿವೆ, ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ನೋಡಿಕೊಂಡು ಕೊಡಿ. ಹೆಸರು ನೋಡದೆ ಕೊಟ್ಟ ಅರ್ಜಿ ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುತ್ತದೆ.

ಕೇಸ್ ಬಿದ್ದ ಮೇಲೆ ಬಸ್ಸಿನವರು ಮನೆಗೇ ಬಂದರು. ಜಗಳಕ್ಕೆ ಅಂದುಕೊಂಡೆ. ಕೂರಿಸಿ ಕಾಫಿ ಕೊಟ್ಟೆವು. ಇರುವುದು ಒಂದೇ ಬಸ್ಸು, ತಿಂಗಳು ತಿಂಗಳು ಕಂತು, ಧರ್ಮಸ್ಥಳದ ಟ್ರಿಪ್ ಮುಗಿಸಿ ಬೆಳಗಿನ ಜಾವ ನಾಲ್ಕಕ್ಕೆ ಬಂದು ಮಲಗಬೇಕು. "ದೂರ ಎಲ್ಲೋ ಬಿಟ್ಟು ಬಂದ್ರೆ ಡೀಸೆಲ್ ಕದೀತಾರೆ ಅಣ್ಣ, ಬ್ಯಾಟರಿನೂ ಬಿಡಲ್ಲ" ಅಂದರು. ನಿಜ ಹೇಳಬೇಕೆಂದರೆ ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ದೊಡ್ಡ ಊರಲ್ಲಿ ಲಾರಿಗೆ ಯಶವಂತಪುರದಲ್ಲಿ ಟ್ರಕ್ ಟರ್ಮಿನಲ್ ಇದೆ, ನಮ್ಮ ಮೂಲೆಯ ಒಂಟಿ ಬಸ್ಸಿಗೆ ಅದೆಲ್ಲಿಯ ದಾರಿ?

ಕೊನೆಗೆ ನಾಲ್ಕು ಮನೆ ಆಚೆ ಇರುವ ಖಾಲಿ ಸೈಟಿನ ಮಾಲೀಕರ ಹತ್ತಿರ ನಮ್ಮ ಸಂಘದವರೇ ಮಾತಾಡಿದರು. ಪಾರ್ಥೇನಿಯಂ ಕೀಳಿಸಿ, ತಿಂಗಳಿಗೆ ಇಷ್ಟು ಅಂತ ಬಾಡಿಗೆ ಗೊತ್ತಾಯಿತು. ಈಗ ಬಸ್ಸು ಅಲ್ಲೇ ನಿಲ್ಲುತ್ತದೆ. ಜೋರು ಮಳೆ ಬಂದು ಸೈಟು ಕೆಸರಾದ ದಿನ ಮಾತ್ರ ಬೀದಿಗೆ ಬರುತ್ತದೆ. ಅಂಥ ದಿನ ಅವರೇ ಮೊದಲು ಫೋನ್ ಮಾಡಿ, "ಅಣ್ಣ, ಬೆಳಿಗ್ಗೆ ಎಷ್ಟೊತ್ತಿಗೆ ಕಾರ್ ತೆಗೀತೀರಾ?" ಅಂತ ಕೇಳುತ್ತಾರೆ.