ಮಾತ್ರೆ ತೆಗೆದುಕೊಂಡು ಹೋದವರು ಮತ್ತೆ ಯಾಕೆ ಬರಲಿಲ್ಲ?

ಪತ್ರ: ಬೆಂಗಳೂರಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಎಂ.ಎಸ್ಸಿ. ನರ್ಸಿಂಗ್ ಆಗಿದೆ. ಪಿಎಚ್.ಡಿ. ಮಾಡುವ ಆಸೆ. ಪರಿಚಯದ ಗೈಡ್ ಒಬ್ಬರು, “ಶುಗರ್ ಕಾಯಿಲೆ ಬಗ್ಗೆ ರೋಗಿಗಳ ತಿಳಿವಳಿಕೆ ಅಂತ ವಿಷಯ ರೆಡಿ ಇದೆ, ಬೇಗ ಮುಗಿಯುತ್ತೆ” ಅನ್ನುತ್ತಾರೆ. ಮನೆಯಲ್ಲಿ “36ನೇ ವಯಸ್ಸಲ್ಲಿ ಇದೆಲ್ಲ ಯಾಕೆ” ಅನ್ನುತ್ತಾರೆ. ಏನು ಮಾಡಲಿ? ಹಾಗೇ ಇನ್ನೊಂದು: ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಬಿಪಿ ಮಾತ್ರೆಗೆ ಒಂದು ತಿಂಗಳು ಬರುತ್ತಾರೆ, ಆಮೇಲೆ ಪತ್ತೆಯೇ ಇರುವುದಿಲ್ಲ. ಬೇಜಾರಾಗುತ್ತದೆ.
– ಹೆಸರು ಬೇಡ, ಬೆಂಗಳೂರು

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಗೆ ಸುಮ್ನೆ ಸೇರಿಸಿದಂತೆ ಬರೆದಿದ್ದೀರಲ್ಲ, ಗಾರ್ಮೆಂಟ್ಸ್ ಹೆಂಗಸರ ಮಾತು, ನಿಮ್ಮ ಪಿಎಚ್.ಡಿ. ವಿಷಯ ಅದೇ. ಗೈಡ್ ಹೇಳಿದ್ದಲ್ಲ.

ತಿಳಿವಳಿಕೆಯ ವಿಷಯ ಬೇಗ ಮುಗಿಯುತ್ತದೆ, ನಿಜ. ಆ ದಾರಿ ನಿಮಗೂ ಗೊತ್ತು. ಪ್ರಶ್ನೆಪತ್ರಿಕೆ ಕೊಡುವುದು, ಅಂಕ ಹಾಕುವುದು, ಒಂದು ‘ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ’ ನಡೆಸುವುದು, ಮತ್ತೆ ಅದೇ ಪ್ರಶ್ನೆಪತ್ರಿಕೆ ಕೊಡುವುದು. ಅಂಕ ಏರಿರುತ್ತದೆ. ಏರದೆ ಏನು? ಈಗಷ್ಟೇ ಪಾಠ ಹೇಳಿರುತ್ತೀರಿ! ಎಂ.ಎಸ್ಸಿ.ಗೆ ಅದು ಸರಿ. ಅದಕ್ಕೆ ಇನ್ನೂ ಮೂರು ನಾಲ್ಕು ವರ್ಷ ಸುರಿಯಬೇಕಾ?

ನಮ್ಮ ಊರಿನದೇ ಒಂದು ಕಥೆ ಹೇಳುತ್ತೇನೆ. ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಶುರುವಾದದ್ದು 1959ರಲ್ಲಿ. ಹಳ್ಳಿ ಜನಕ್ಕೆ ಕ್ಷಯದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ನಾವೇ ಎಕ್ಸ್‌ರೇ ವ್ಯಾನ್ ಹೊತ್ತುಕೊಂಡು ಹೋಗಬೇಕು ಅನ್ನುವ ನಂಬಿಕೆ ಆಗ ಗಟ್ಟಿಯಾಗಿತ್ತು. ಅಲ್ಲಿದ್ದ ಸಂಶೋಧಕರಾದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ಮಾಡಿದರು. ಎಕ್ಸ್‌ರೇಯಲ್ಲಿ ಕ್ಷಯದ ಗುರುತು ಕಂಡವರನ್ನು ಮಾತಾಡಿಸಿದರು. ಹೆಚ್ಚಿನವರಿಗೆ ಕೆಮ್ಮು, ಜ್ವರದ ತೊಂದರೆ ಚೆನ್ನಾಗಿಯೇ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟಲಿ!

1963ರಲ್ಲಿ ಇದು ಅಚ್ಚಾಯಿತು. ಕೆಮ್ಮುತ್ತಾ ಬಾಗಿಲಿಗೆ ಬಂದವರ ಕಫವನ್ನು ಅಲ್ಲೇ, ಮಾಮೂಲಿ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿ ಅನ್ನುವ ವಾದಕ್ಕೆ ಬಲ ಬಂತು. ಅವರೂ ಹೋಗಿದ್ದು ಅರಿವಿನ ಬಗ್ಗೆ ಕೇಳಲೇ. ಆದರೆ ಕೊರತೆ ಇದ್ದದ್ದು ಕೌಂಟರಿನ ಈಚೆ, ಆಸ್ಪತ್ರೆಯ ಕಡೆ ಅನ್ನುವುದನ್ನು ಮುಚ್ಚಿಡಲಿಲ್ಲ.

ಈಗ ನಿಮ್ಮ ಹೆಂಗಸರ ವಿಷಯಕ್ಕೆ ಬರೋಣ. ಬಿಪಿ ಮಾತ್ರೆ ಬಿಡಬಾರದು ಎಂದು ಅವರಿಗೆ ಗೊತ್ತಿಲ್ಲವೇ? ನೀವೇ ಹತ್ತು ಸಲ ಹೇಳಿರುತ್ತೀರಿ. ಕೇಂದ್ರ ತೆರೆಯುವ ಹೊತ್ತಿಗೆ ಅವರು ಮೆಷಿನ್ ಮುಂದೆ ಕೂತಿರುತ್ತಾರೆ, ಬಿಡುವ ಹೊತ್ತಿಗೆ ನೀವು ಬಾಗಿಲು ಹಾಕಿರುತ್ತೀರಿ. ಪುಕ್ಕಟೆ ಮಾತ್ರೆಗೆ ಅರ್ಧ ದಿನದ ಸಂಬಳ ಹೋದರೆ ಅದು ಪುಕ್ಕಟೆ ಹೇಗಾಯಿತು? ಹೀಗಿರಬಹುದು ಅನ್ನುವುದು ನನ್ನ ಊಹೆ ಅಷ್ಟೇ. ಮನೆ ಬದಲಾಯಿಸಿರಬಹುದು, ಮೆಡಿಕಲ್ ಸ್ಟೋರಲ್ಲಿ ಕೊಳ್ಳುತ್ತಿರಬಹುದು, ನಿಮ್ಮಲ್ಲೇ ಮಾತ್ರೆ ಸ್ಟಾಕ್ ಇಲ್ಲದೆ ಎರಡು ಸಲ ಬರಿಗೈಲಿ ಹೋಗಿ ಸಾಕಾಗಿರಬಹುದು. ಯಾವುದು ಎಷ್ಟು ಅಂತ ಪತ್ತೆ ಹಚ್ಚುವುದೇ ಸಂಶೋಧನೆ ಅಲ್ವಾ? ಪ್ರಾಥಮಿಕ ಆರೋಗ್ಯ ಸೇವೆ ಬಗ್ಗೆ ಜಗತ್ತಿನ ದೇಶಗಳು ಸೇರಿ ಹೊರಡಿಸಿದ 1978ರ ಆಲ್ಮಾ ಆಟಾ ಘೋಷಣೆಯಲ್ಲಿ, ಜನ ಬಾಳುವ ಮತ್ತು ದುಡಿಯುವ ಜಾಗಕ್ಕೆ ಆರೋಗ್ಯ ಸೇವೆ ಆದಷ್ಟು ಹತ್ತಿರ ಬರಬೇಕು ಎಂಬ ಮಾತಿದೆ. ಬಾಳುವ ಜಾಗದ ಲೆಕ್ಕವನ್ನು ನಾವು ಮಾಡಿದ್ದೇವೆ: ಹಳ್ಳಿ ಕಡೆ ಬಯಲು ಸೀಮೆಯಲ್ಲಿ 30,000 ಜನಕ್ಕೊಂದು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಗುಡ್ಡಗಾಡಿನಲ್ಲಿ 20,000ಕ್ಕೊಂದು. ದುಡಿಯುವ ಜಾಗದ ಮಾತನ್ನು ಮರೆತೇಬಿಟ್ಟೆವು. ಬೆಂಗಳೂರಲ್ಲಂತೂ ದೂರವನ್ನು ಕಿಲೋಮೀಟರಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ, ಗಂಟೆಯಲ್ಲಿ ಅಳೆಯಬೇಕು.

ನಿಯಮದ ಮಾತು ಚಿಕ್ಕದಾಗಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ (ಶುರುವಿನ ತರಗತಿ ಪಾಠ) ಸೇರಿ ಕಡಿಮೆ ಅಂದರೆ ಮೂರು ವರ್ಷ, ಜಾಸ್ತಿ ಅಂದರೆ ಆರು. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ವಿನಾಯಿತಿ ಸಿಗಬಹುದು. ಪಾರ್ಟ್‌ಟೈಮ್ ಮಾಡಬಹುದು, ಇಲಾಖೆಯ ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ) ಬೇಕು. ಅದಕ್ಕೆ ಈಗಲೇ ಅರ್ಜಿ ಹಾಕಿ, ಫೈಲು ನಮ್ಮ ಅವಸರಕ್ಕೆ ಓಡುವುದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್‌ನಲ್ಲೇ ಪಿಎಚ್.ಡಿ. ಇದೆ, ಈ ವರ್ಷದ ಅಧಿಸೂಚನೆ ನೋಡಿ. 36 ಒಂದು ವಯಸ್ಸೇ ಅಲ್ಲ. ಒಂಬತ್ತು ವರ್ಷ ಒಪಿಡಿ ನೋಡಿದವರಿಗೆ ಹೊಳೆಯುವ ಪ್ರಶ್ನೆ ಕಾಲೇಜಿಂದ ನೇರ ಬಂದವರಿಗೆ ಹೊಳೆಯುವುದು ಕಷ್ಟ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ನಿಮ್ಮ ರೋಗಿಗಳನ್ನು ನೀವೇ ಸಂದರ್ಶನ ಮಾಡಿದರೆ ಏನಾಗುತ್ತದೆ? ನಾಳೆ ಇಂಜೆಕ್ಷನ್ ಕೊಡುವ ಸಿಸ್ಟರ್ ಕೇಳಿದರೆ “ಆಗಲ್ಲ” ಅನ್ನಲು ಯಾರಿಗೆ ಧೈರ್ಯ ಬರುತ್ತದೆ? “ನಿಮ್ಮ ಕೇಂದ್ರದಲ್ಲಿ ಮಾತ್ರೆ ಇರಲ್ಲ” ಅಂತ ನಿಮ್ಮ ಮುಖಕ್ಕೆ ಹೇಳುತ್ತಾರಾ? ಎಲ್ಲರೂ “ಚೆನ್ನಾಗಿದೆ ಸಿಸ್ಟರ್” ಅನ್ನುತ್ತಾರೆ. ಸಂಶೋಧನೆಯಿಂದ ಯಾರಿಗೂ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿಯಲ್ಲಿ ಇದೇ ಪ್ರಶ್ನೆ ಏಳುತ್ತದೆ. ಏಳದಿದ್ದರೂ ನೀವೇ ಎಬ್ಬಿಸಿ. ಬೇರೆ ಕೇಂದ್ರದ ವ್ಯಾಪ್ತಿ ಆರಿಸಿಕೊಳ್ಳಿ, ಯೂನಿಫಾರ್ಮ್ ಇಲ್ಲದೆ ಹೋಗಿ, ಭಾನುವಾರ ಅವರ ಮನೆ ಹತ್ತಿರ ಕೂತು ಮಾತಾಡಿ. ಒಪ್ಪಿಗೆ ಪತ್ರವನ್ನು ಕನ್ನಡದ ಜೊತೆ ತೆಲುಗು, ತಮಿಳು, ಉರ್ದು, ಹಿಂದಿಯಲ್ಲೂ ಮಾಡಿಸಿಕೊಳ್ಳಿ. ಗಾರ್ಮೆಂಟ್ಸ್ ಗೇಟಿನ ಮುಂದೆ ಹತ್ತು ನಿಮಿಷ ನಿಂತರೆ ಯಾಕೆ ಅಂತ ತಿಳಿಯುತ್ತದೆ.

ಗೈಡ್ ಒಪ್ಪದಿದ್ದರೆ? ಇನ್ನೊಬ್ಬರನ್ನು ಹುಡುಕಿ. ನಾನೂ ಹಿಂದೊಮ್ಮೆ ರೆಡಿ ವಿಷಯ ಹಿಡಿದು ಪಿಎಚ್.ಡಿ.ಗೆ ಸೇರಿದ್ದೆ. ಎರಡನೇ ವರ್ಷಕ್ಕೆ ಆ ಫೈಲು ಕಂಡರೇ ಆಕಳಿಕೆ ಬರುತ್ತಿತ್ತು. ಬಿಟ್ಟೆ. ಬುದ್ಧಿ ಹೇಳಲು ನನಗಿರುವ ಯೋಗ್ಯತೆ ಅಷ್ಟೇ.

ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಹೋದ ವರ್ಷದ ಬಿಪಿ ರಿಜಿಸ್ಟರ್ ತೆಗೆದು, ಒಂದೇ ಸಲ ಬಂದು ನಿಂತುಹೋದವರು ಎಷ್ಟು ಜನ ಅಂತ ಎಣಿಸಿ. ಆ ಲೆಕ್ಕ ಸಿಕ್ಕ ದಿನ ನನಗೊಂದು ಕಾಗದ ಹಾಕಿ.

– ಸಂಪಾದಕ