ಬಾತ್‌ರೂಮಿನ ಸಿಲಿಕೋನ್ ಮೀನಿನ ತೊಟ್ಟಿಗೆ ಆಗುತ್ತಾ?

ಪ್ರಶ್ನೆ: ಎರಡಡಿ ತೊಟ್ಟಿಯ ಪಕ್ಕಕ್ಕೆ ಇಡಲು ಫಿಲ್ಟರ್ ಡಬ್ಬಿಯನ್ನು ನಾನೇ ಮಾಡುತ್ತಿದ್ದೇನೆ. ಡಬ್ಬಿ ಗಾಜಿನದು, ಪೈಪು ಪಿವಿಸಿ, ಒಳಗಿನ ಅಡ್ಡಪಟ್ಟಿಗಳು ಅಕ್ರಿಲಿಕ್. ಹಾರ್ಡ್‌ವೇರ್ ಅಂಗಡಿಯವರು ಬಾತ್‌ರೂಮಿಗೆ ಹಾಕುವ ಬಿಳಿ ಸಿಲಿಕೋನ್ (ಸಂದಿ ಮುಚ್ಚುವ ಅಂಟು) ಕೊಟ್ಟು, 'ವಾಟರ್‌ಪ್ರೂಫ್ ಸಾರ್, ಏನೂ ಆಗಲ್ಲ' ಅಂದರು. ಹಾಕಬಹುದಾ? ತೊಟ್ಟಿಯಲ್ಲಿ ಗಪ್ಪಿ, ಸೀಗಡಿ ಇವೆ.
– ಓದುಗರೊಬ್ಬರು, ಶ್ರೀನಗರ, ಬೆಂಗಳೂರು

ಉತ್ತರ: ದಯವಿಟ್ಟು ಹಾಕಬೇಡಿ. ನೀರು ಸೋರದಿದ್ದರೆ ಸಾಲದು, ಆ ನೀರಿನಲ್ಲಿ ಮೀನು ಬದುಕಬೇಕಲ್ವಾ? ಬಾತ್‌ರೂಮಿಗೆ, ಅಡುಗೆಮನೆಗೆ ಅಂತ ಬರುವ ಎಷ್ಟೋ ಸಿಲಿಕೋನ್‌ಗಳಲ್ಲಿ ಬೂಷ್ಟು ಹಿಡಿಯದಿರಲಿ ಅಂತ ಔಷಧಿ ಬೆರೆಸಿರುತ್ತಾರೆ. ಟೈಲ್ಸ್ ಸಂದಿಗೆ ಅದು ಬೇಕಾದದ್ದೇ. ತೊಟ್ಟಿಯಲ್ಲಿ ಮಾತ್ರ ಅದು ನೀರಿಗೆ ಇಳಿದು ಮೀನಿಗೆ ವಿಷವಾಗುತ್ತದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಮೂಲೆಯೊಂದು ಜಿನುಗುತ್ತಿತ್ತು. ಮನೆ ರಿಪೇರಿಯಲ್ಲಿ ಉಳಿದ ಟ್ಯೂಬಿನಿಂದ ನಾಲ್ಕಿಂಚು ಗೆರೆ ಎಳೆದೆ, ಅಷ್ಟೇ. ಮೂರನೇ ದಿನ ಬೆಳಗ್ಗೆ ಸೀಗಡಿಗಳು ಮರಳಿನ ಮೇಲೆ ಬೆಳ್ಳಗೆ, ಗುಲಾಬಿ ಬಣ್ಣಕ್ಕೆ ತಿರುಗಿ ಬಿದ್ದಿದ್ದವು. ಗಪ್ಪಿಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಟ್ಯೂಬಿನ ಮೇಲೆ ಅಕ್ವೇರಿಯಂಗೆ ಅಂತಲೇ ಬರೆದಿರುವ, 100 ಪರ್ಸೆಂಟ್ ಸಿಲಿಕೋನ್ ತನ್ನಿ. 'ವಿನೆಗರ್ ವಾಸನೆ ಬಂದರೆ ಸೇಫ್' ಅಂತ ಹೇಳುವವರಿದ್ದಾರೆ, ಅದನ್ನು ನಂಬಬೇಡಿ. ಒಣಗುವಾಗ ಅಸಿಟಿಕ್ ಆಮ್ಲ ಹೊರಬರುವುದಕ್ಕೆ ಆ ವಾಸನೆ ಬರುತ್ತದೆ. ಬೂಷ್ಟಿನ ಔಷಧಿ ಹಾಕಿದ ಟ್ಯೂಬಿಗೂ ಅದೇ ವಾಸನೆ ಇರಬಹುದು. ಹಿಂಬದಿಯ ಸಣ್ಣ ಅಕ್ಷರ ಓದಿ. 'ಆಂಟಿ ಫಂಗಲ್' ಅಂತ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಅನುಮಾನ ಬಂದರೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆಯ ಮೀನಿನ ಅಂಗಡಿಗಳಲ್ಲಿ, 'ಟ್ಯಾಂಕ್ ಕಟ್ಟೋಕೆ ನೀವು ಯಾವುದು ಹಾಕ್ತೀರಿ?' ಅಂತ ಕೇಳಿ.

ಹಚ್ಚುವ ಮೊದಲು ಗಾಜನ್ನು ಸ್ಪಿರಿಟ್‌ನಿಂದ ಒರೆಸಿ. ಹಳೇ ಸಿಲಿಕೋನ್ ಇದ್ದರೆ ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ.

ಆಮೇಲೆ ಕಾಯಬೇಕು. ಎಷ್ಟೋ ಜನ ಎಡವುವುದು ಇಲ್ಲೇ. ಸಿಲಿಕೋನ್ ಗಾಳಿಯಲ್ಲಿರುವ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ, ಅದೂ ಹೊರಗಿನಿಂದ ಒಳಕ್ಕೆ, ದಿನಕ್ಕೆ ಸುಮಾರು 2-3 ಮಿಲಿಮೀಟರ್. ಮಾರ್ಚ್ ತಿಂಗಳ ನಮ್ಮ ಒಣ ಹವೆಯಲ್ಲಿ ಇನ್ನೂ ನಿಧಾನ. ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಒಳಗೆ ಹಸಿ. ನಾನು ಒಂದು ಗಾಜಿನ ಚೂರಿನ ಮೇಲೆ ಅಷ್ಟೇ ದಪ್ಪದ ಗೆರೆ ಎಳೆದು ಪಕ್ಕದಲ್ಲಿ ಇಟ್ಟಿರುತ್ತೇನೆ. ಆರನೇ ದಿನ ಅದನ್ನು ಅಡ್ಡಕ್ಕೆ ಕೊಯ್ದು ನೋಡುತ್ತೇನೆ. ನಡುವೆ ಬೆರಳಿಗೆ ಅಂಟಿದರೆ ಇನ್ನೆರಡು ದಿನ ಬಿಡುತ್ತೇನೆ. ಡಬ್ಬಿಯೊಳಗೆ ಮೂಗಿಟ್ಟಾಗ ಹುಳಿ ವಾಸನೆ ಪೂರ್ತಿ ಹೋಗಿರಬೇಕು. ಆಮೇಲೆ ಒಂದು ದಿನ ನೀರು ತುಂಬಿಟ್ಟು, ಅದನ್ನು ಚೆಲ್ಲಿ, ಹೊಸ ನೀರು ಹಾಕಿ.

ನಿಮ್ಮ ಅಕ್ರಿಲಿಕ್ ಪಟ್ಟಿಗಳಿಗೆ ಸಿಲಿಕೋನ್ ಗಾಜಿಗೆ ಹಿಡಿದಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಗಾಜಿನ ಪಟ್ಟಿಗಳನ್ನೇ ಕತ್ತರಿಸಿಕೊಂಡು ಬನ್ನಿ. ಪಿವಿಸಿಗೂ ಇದೇ ತೊಂದರೆ. ಪೈಪಿಗೆ ಪೈಪು ಸೇರಿಸುವಲ್ಲಿ ಪಿವಿಸಿ ಸಾಲ್ವೆಂಟ್ (ಪೈಪು ಅಂಟಿಸುವ ಗಮ್) ಹಚ್ಚಿ, ಚೆನ್ನಾಗಿ ಒಣಗಲು ಬಿಟ್ಟು ತೊಳೆಯಿರಿ. ಪೈಪು ಗಾಜಿನೊಳಗೆ ಹೋಗುವ ಜಾಗಕ್ಕೆ ಗಮ್ ಬೇಡ. ಮಾಳಿಗೆಯ ನೀರಿನ ಟ್ಯಾಂಕಿಗೆ ಹಾಕುತ್ತಾರಲ್ಲ, ರಬ್ಬರ್ ವಾಷರ್ ಇರುವ ಟ್ಯಾಂಕ್ ನಿಪ್ಪಲ್, ಅದನ್ನೇ ಹಾಕಿ. ತೂತನ್ನು ಗಾಜಿನ ಅಂಗಡಿಯಲ್ಲೇ ಹೊಡೆಸಿ. ಟಫನ್ಡ್ ಗಾಜಾದರೆ (ಕಾಯಿಸಿ ಗಟ್ಟಿ ಮಾಡಿದ್ದು) ಡ್ರಿಲ್ ಇಟ್ಟೊಡನೆ ಪುಡಿಪುಡಿಯಾಗುತ್ತದೆ, ಮೊದಲೇ ಕೇಳಿಕೊಳ್ಳಿ. ನಿಪ್ಪಲ್ ಪ್ಲಾಸ್ಟಿಕ್‌ನದೇ ಇರಲಿ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ಅದು ನೀರಿಗೆ ಸ್ವಲ್ಪ ಬಿಟ್ಟರೂ ಸೀಗಡಿಗೆ ತಡೆಯಲು ಆಗುವುದಿಲ್ಲ.