ಪ್ರತಿಕ್ರಿಯೆ: ಒಂದು ಆ್ಯಪ್ ತೆಗೆದರೆ ಇಡೀ ಡೆಸ್ಕ್‌ಟಾಪ್ ಹೋಗುವುದು

ನಿಮ್ಮ ತಂಡ ಪ್ಯಾಕೇಜ್ ಮಾಡುವ ಎಕ್ಸ್‌ಎಫ್‌ಸಿಇಯಲ್ಲಿ (ಲಿನಕ್ಸ್‌ನ ಒಂದು ಡೆಸ್ಕ್‌ಟಾಪ್) ಒಂದು ಟೆಕ್ಸ್ಟ್ ಎಡಿಟರ್ ತೆಗೆದರೂ ಎಲ್ಲ ಹೋಗುತ್ತದೆ ಅಂದಿರಿ. ಮೆಟಾಪ್ಯಾಕೇಜಿನಲ್ಲಿ (ಬೇರೆ ಪ್ಯಾಕೇಜುಗಳನ್ನು ಒಟ್ಟಿಗೆ ತರುವ ಪ್ಯಾಕೇಜ್) ಎಲ್ಲವನ್ನೂ ‘ಡಿಪೆಂಡ್ಸ್’ (ಇರಲೇಬೇಕಾದವು) ಸಾಲಿಗೇ ತುಂಬಿರುವುದು ಕಾರಣ ಇರಬೇಕು. ಈ ಸಾಲುಗಳಿರುವ ನಿಮ್ಮ ಕಂಟ್ರೋಲ್ ಫೈಲ್ ನೋಡದೆ ಖಚಿತ ಅನ್ನಲಾರೆ. ಆದರೆ ಟೆಕ್ಸ್ಟ್ ಎಡಿಟರ್ ತೆಗೆದಾಗ ಮೆಟಾಪ್ಯಾಕೇಜೂ ಹೋಗಿ, ಆಮೇಲೆ ‘ಆಟೋರಿಮೂವ್’ (ಯಾವುದಕ್ಕೂ ಬೇಡವಾದವನ್ನು ತೆಗೆಯುವ ಆದೇಶ) ಉಳಿದದ್ದನ್ನೆಲ್ಲ ಗುಡಿಸುವುದು ಇದರದ್ದೇ ಲಕ್ಷಣ.

ಮೊದಲು ಆ ಪಟ್ಟಿ ಒಡೆಯಿರಿ. ಸೆಷನ್, ಪ್ಯಾನೆಲ್, ವಿಂಡೋ ಮ್ಯಾನೇಜರ್, ಸೆಟ್ಟಿಂಗ್ಸ್ ಮಾತ್ರ ‘ಡಿಪೆಂಡ್ಸ್’ನಲ್ಲಿರಲಿ. ಎಡಿಟರ್, ಪ್ಲೇಯರ್ ಎಲ್ಲ ‘ರೆಕಮೆಂಡ್ಸ್’ಗೆ (ಇದ್ದರೆ ಒಳ್ಳೆಯದು, ತೆಗೆದರೂ ನಡೆಯುತ್ತದೆ) ಹೋಗಲಿ. ಡೆಬಿಯನ್ ಲಿನಕ್ಸ್‌ನಲ್ಲೂ ಮುಖ್ಯ ಡೆಸ್ಕ್‌ಟಾಪಿನ ಎಕ್ಸ್‌ಎಫ್‌ಸಿಇ೪ ಬೇರೆ, ಹೆಚ್ಚುವರಿ ಆ್ಯಪ್‌ಗಳ ಎಕ್ಸ್‌ಎಫ್‌ಸಿಇ೪-ಗುಡೀಸ್ ಬೇರೆ.

ನಾಲ್ಕೇ ಜನ ಇದ್ದೇವೆ, ಎಲ್ಲ ಸೇರಿಸಿ ಒಂದೇ ಪ್ಯಾಕೇಜ್ ಮಾಡೋಣವೇ ಅಂದಿರಿ. ದಯವಿಟ್ಟು ಬೇಡ. ಎಕ್ಸ್‌ಎಫ್‌ಸಿಇಯ ಭಾಗಗಳು ಬೇರೆ ಬೇರೆ ದಿನ ಬಿಡುಗಡೆ ಆಗುತ್ತವೆ. ಅದರ ಫೈಲ್ ಮ್ಯಾನೇಜರ್ ಥುನಾರ್‌ನ ಸಣ್ಣ ತಿದ್ದುಪಡಿಗೂ ಎಲ್ಲವನ್ನೂ ಮತ್ತೆ ಬಿಲ್ಡ್ ಮಾಡಬೇಕಾದರೆ ಸ್ವಯಂಸೇವಕರು ಬೇಗ ಸುಸ್ತಾಗುತ್ತಾರೆ, ಅಲ್ವಾ? ಮೂಲದಲ್ಲಿ ಹೇಗಿದೆಯೋ ಹಾಗೇ ಬಿಡಿಬಿಡಿಯಾಗಿರಲಿ. ಒಂದೊಂದಕ್ಕೂ ನೋಡಿಕೊಳ್ಳುವ ಇಬ್ಬರ ಹೆಸರು ಹಾಕಿ.

ಬಿಲ್ಡ್ ಕ್ರಮ (ಹಿಂದಿನವು ಮುಂದಿನವಕ್ಕೆ ಬೇಕು): ಲಿಬ್‌ಎಕ್ಸ್‌ಎಫ್‌ಸಿಇ೪ಯುಟಿಲ್, ಎಕ್ಸ್‌ಎಫ್‌ಕಾನ್ಫ್, ಲಿಬ್‌ಎಕ್ಸ್‌ಎಫ್‌ಸಿಇ೪ಯುಐ, ಗಾರ್ಕಾನ್, ನಂತರ ಪ್ಯಾನೆಲ್. ಎಲ್ಲವೂ ಟೆಸ್ಟಿಂಗ್ ರೆಪೊದಲ್ಲಿ (ಪರೀಕ್ಷೆಯ ಪ್ಯಾಕೇಜ್ ಸಂಗ್ರಹ) ಒಟ್ಟಿಗೆ ಓಡಿದ ಮೇಲೇ ಮುಖ್ಯ ರೆಪೊಗೆ ಒಂದೇ ಸಲ ಸರಿಸಿ.

ಹೊಸ ಪ್ಯಾಕೇಜ್ ಬರುವವರೆಗೆ ಬಳಕೆದಾರರು ಬೇಕಾದ ಭಾಗಗಳಿಗೆ ‘ಆಪ್ಟ್-ಮಾರ್ಕ್ ಮ್ಯಾನುಯಲ್’ (ಇದನ್ನು ನಾನೇ ಹಾಕಿದ್ದು ಎಂದು ಗುರುತಿಸುವ ಆದೇಶ) ಕೊಟ್ಟರೆ ಅವು ಉಳಿಯುತ್ತವೆ.